ತೋಳಿನಲ್ಲೊಂದು ಬಾಗಿಲು

ಹೈಸ್ಕೂಲಿನ ವಿಜ್ಞಾನ ಪುಸ್ತಕಗಳಲ್ಲಿ ಡಯಾಲಿಸಿಸ್ ಪಾಠದ ಜೊತೆಗೆ ಸಾಮಾನ್ಯವಾಗಿ ಒಂದು ಚಿತ್ರ ಇರುತ್ತದೆ. ಒಂದು ಕೈ, ಆ ಕೈಯಿಂದ ಹೊರಟ ಕೆಂಪು ಕೊಳವೆ, ನಡುವೆ ಯಂತ್ರ, ಯಂತ್ರದಿಂದ ಮತ್ತೆ ಕೈಗೆ ಮರಳುವ ಇನ್ನೊಂದು ಕೊಳವೆ. ನಾವು ಪಾಠ ಮಾಡುವಾಗ ಎಲ್ಲ ಗಮನವನ್ನೂ ನಡುವಿನ ಯಂತ್ರಕ್ಕೆ ಕೊಡುತ್ತೇವೆ. ಪೊರೆ ಹೇಗೆ ಸೋಸುತ್ತದೆ, ಯೂರಿಯಾ ಹೇಗೆ ಹೊರಗೆ ಹೋಗುತ್ತದೆ ಎಂದೆಲ್ಲ ಹೇಳಿ, ಪರೀಕ್ಷೆಗೂ ಅದನ್ನೇ ಕೇಳುತ್ತೇವೆ. ಕೊಳವೆ ಕೈಯನ್ನು ಸೇರುವ ಆ ಸಣ್ಣ ಜಾಗದ ಬಗ್ಗೆ ಯಾರೂ ಏನೂ ಹೇಳುವುದಿಲ್ಲ. ನಿಜ ಸಂಗತಿ ಏನೆಂದರೆ ಯಂತ್ರ ಸಿದ್ಧವಾದದ್ದು 1943ರಲ್ಲಿ. ಆ ಜಾಗಕ್ಕೆ ಸರಿಯಾದ ಉತ್ತರ ಸಿಕ್ಕಿದ್ದು 1965ರಲ್ಲಿ. ನಡುವಿನ 22 ವರ್ಷಗಳಲ್ಲಿ, ಮೂತ್ರಪಿಂಡ ಶಾಶ್ವತವಾಗಿ ಕೆಟ್ಟುಹೋದ ರೋಗಿಗೆ ಯಂತ್ರ ಎದುರಿಗಿದ್ದರೂ ಹೆಚ್ಚಾಗಿ ಉಪಯೋಗವಿರಲಿಲ್ಲ. ಯಂತ್ರಕ್ಕೆ ರಕ್ತ ತಲುಪಿಸುವ ದಾರಿಯೇ ಇರಲಿಲ್ಲ.

ಮೊದಲು ಒಂದು ಲೆಕ್ಕ ಮಾಡೋಣ. ಡಯಾಲಿಸಿಸ್ ಸಾಮಾನ್ಯವಾಗಿ ವಾರಕ್ಕೆ ಮೂರು ಸಲ, ಪ್ರತಿ ಸಲ ಸುಮಾರು ನಾಲ್ಕು ಗಂಟೆ. ಪ್ರತಿ ಸಲ ಎರಡು ಸೂಜಿ, ಒಂದು ರಕ್ತ ಹೊರಗೆ ಬರಲು, ಇನ್ನೊಂದು ಒಳಗೆ ಹೋಗಲು. ವಾರಕ್ಕೆ ಆರು, ವರ್ಷಕ್ಕೆ 312. ಅದೂ ಇಂಜೆಕ್ಷನ್ ಕೊಡುವ ತೆಳು ಸೂಜಿಯಲ್ಲ, ದಪ್ಪದ ಸೂಜಿ. ಯಂತ್ರಕ್ಕೆ ನಿಮಿಷಕ್ಕೆ ಸುಮಾರು 300 ಮಿಲಿಲೀಟರ್ ರಕ್ತ ಬೇಕು. ನಮ್ಮ ಮುಂಗೈಯಲ್ಲಿ ನೀಲಿಯಾಗಿ ಕಾಣುವ ಅಭಿಧಮನಿಯಲ್ಲಿ ಅಷ್ಟು ರಕ್ತ ಹರಿಯುವುದೇ ಇಲ್ಲ. ಬಲವಂತವಾಗಿ ಎಳೆದರೆ ನಾಳದ ಗೋಡೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಇನ್ನು ಹೃದಯದಿಂದ ಒತ್ತಡದಲ್ಲಿ ರಕ್ತ ತರುವ ಅಪಧಮನಿಯೋ, ಆಳದಲ್ಲಿರುತ್ತದೆ. ಪದೇ ಪದೇ ಚುಚ್ಚಿದರೆ ಅದು ಹಾಳಾಗುತ್ತದೆ, ಕೈಗೇ ಅಪಾಯ.

ಇಲ್ಲಿ ಭಾಷೆಯ ಬಗ್ಗೆ ಒಂದು ಮಾತು. ಆಸ್ಪತ್ರೆಯಲ್ಲಿ ರಕ್ತ ತೆಗೆಯುವವರು “ನರ ಸಿಗುವುದಿಲ್ಲ” ಎನ್ನುತ್ತಾರೆ. ಪಠ್ಯಪುಸ್ತಕದ ಪ್ರಕಾರ ನರ ಎಂದರೆ ಮೆದುಳಿನ ಸಂದೇಶ ಒಯ್ಯುವ ತಂತು, ಅದರಲ್ಲಿ ರಕ್ತ ಇಲ್ಲ. ಮಲಯಾಳದವರ ‘ಞರಂಬ್’ ಕೂಡ ಹೀಗೆಯೇ ಎರಡಕ್ಕೂ ಸಲ್ಲುತ್ತದೆ. ಮಕ್ಕಳು ಪರೀಕ್ಷೆಯಲ್ಲಿ ಅಭಿಧಮನಿ ಎಂದೇ ಬರೆಯಬೇಕು, ಆಸ್ಪತ್ರೆಯಲ್ಲಿ ನರ ಎಂದೇ ಹೇಳಬೇಕು. ಆ “ನರ ಸಿಗುವುದಿಲ್ಲ” ಎಂಬ ಎರಡು ಶಬ್ದಗಳಲ್ಲೇ ಈ ಇಡೀ ಇತಿಹಾಸ ಇದೆ ಎಂದು ನಮಗೆ ಅನಿಸುತ್ತದೆ.

ಮನುಷ್ಯನ ಮೇಲೆ ಮೊದಲ ಡಯಾಲಿಸಿಸ್ ನಡೆದದ್ದು 1924ರಲ್ಲಿ, ಜರ್ಮನಿಯ ಗೀಸೆನ್ ಎಂಬ ಊರಿನಲ್ಲಿ. ಮಾಡಿದವರು ಗೇಯಾರ್ಗ್ ಹಾಸ್. ಗಾಜಿನ ನಳಿಗೆಗಳನ್ನು ರಕ್ತನಾಳಕ್ಕೆ ಜೋಡಿಸಿ ಕೇವಲ 15 ನಿಮಿಷ ನಡೆಸಿದರು. ರಕ್ತ ಹೆಪ್ಪುಗಟ್ಟದ ಹಾಗೆ ಜಿಗಣೆಯಿಂದ ತೆಗೆದ ಹಿರುಡಿನ್ ಎಂಬ ವಸ್ತುವನ್ನು ಬಳಸಿದ್ದರು. ರೋಗಿಗೆ ಹೇಳಿಕೊಳ್ಳುವಂತಹ ಪ್ರಯೋಜನ ಆಗಲಿಲ್ಲ. ಆದರೆ ಆಗುತ್ತದೆ ಎಂದು ಗೊತ್ತಾಯಿತು.

ನಿಜವಾದ ಯಂತ್ರ ಕಟ್ಟಿದವರು ಹಾಲೆಂಡಿನ ವಿಲ್ಲೆಮ್ ಕೋಲ್ಫ್. ಆಗ ಎರಡನೇ ಮಹಾಯುದ್ಧ, ದೇಶ ಜರ್ಮನರ ವಶದಲ್ಲಿತ್ತು. ಕಾಂಪೆನ್ ಎಂಬ ಸಣ್ಣ ಊರಿನ ಆಸ್ಪತ್ರೆಯಲ್ಲಿ ಕೋಲ್ಫ್ ಕೆಲಸ ಮಾಡುತ್ತಿದ್ದರು. ಲೋಹ ಸಿಗುತ್ತಿರಲಿಲ್ಲ, ಮರದ ಪಟ್ಟಿಗಳಿಂದ ಒಂದು ದೊಡ್ಡ ಪೀಪಾಯಿ ಮಾಡಿಸಿದರು. ಮಾಂಸದ ಸಾಸೇಜಿಗೆ ಹೊದಿಸುವ ಸೆಲೊಫೇನ್ ಕೊಳವೆಯನ್ನು ಅದಕ್ಕೆ ಸುತ್ತಿದರು. ಊರಿನ ಎನಾಮಲ್ ಪಾತ್ರೆ ಕಾರ್ಖಾನೆಯವರು ತೊಟ್ಟಿ ಮಾಡಿಕೊಟ್ಟರು. ಇಷ್ಟನ್ನು ಎಲ್ಲರೂ ಬರೆಯುತ್ತಾರೆ, ಬರೆಯಬೇಕಾದದ್ದೇ. ಆದರೆ ಅವರ ಮೊದಲ ರೋಗಿಯ ಬಗ್ಗೆ ಬರೆಯುವವರು ಕಡಿಮೆ. 1943ರ ಮಾರ್ಚ್ ತಿಂಗಳಲ್ಲಿ ಬಂದ ಆಕೆಗೆ 29 ವರ್ಷ. ಮನೆಗೆಲಸ ಮಾಡುತ್ತಿದ್ದವಳು. ಮೂತ್ರಪಿಂಡ ಎರಡೂ ಮುದುಡಿಹೋಗಿದ್ದವು. ಕೋಲ್ಫ್ ಆಕೆಗೆ 12 ಸಲ ಡಯಾಲಿಸಿಸ್ ಮಾಡಿದರು. ಯಂತ್ರ ಕೆಲಸ ಮಾಡಿತು, ರಕ್ತದ ಯೂರಿಯಾ ಇಳಿಯಿತು, ಆಕೆಯ ತಲೆ ತಿಳಿಯಾಯಿತು. ಆದರೆ ಪ್ರತಿ ಸಲ ಒಂದು ನಾಳವನ್ನು ಕೊಯ್ದು ನಳಿಗೆ ಸೇರಿಸಬೇಕಾಗಿತ್ತು, ಮುಗಿದ ಮೇಲೆ ಆ ನಾಳ ಮತ್ತೆ ಉಪಯೋಗಕ್ಕೆ ಬರುತ್ತಿರಲಿಲ್ಲ. 12 ಸಲ ಆದ ಮೇಲೆ ನಳಿಗೆ ಸೇರಿಸಲು ನಾಳವೇ ಉಳಿಯಲಿಲ್ಲ. ಆಕೆ ತೀರಿಕೊಂಡಳು.

ಹಾಗಾಗಿ ಈ ಯಂತ್ರ ಮುಂದಿನ ವರ್ಷಗಳಲ್ಲಿ ಒಂದು ವರ್ಗದ ರೋಗಿಗಳಿಗೆ ಮಾತ್ರ ಸೀಮಿತವಾಯಿತು. ಅಪಘಾತ, ವಿಷ, ರಕ್ತಸ್ರಾವ ಮುಂತಾದ ಕಾರಣಗಳಿಂದ ಮೂತ್ರಪಿಂಡ ತಾತ್ಕಾಲಿಕವಾಗಿ ನಿಂತವರಿಗೆ ಎರಡು ಮೂರು ಸಲ ಮಾಡಿದರೆ ಸಾಕು, ಅಷ್ಟರಲ್ಲಿ ಮೂತ್ರಪಿಂಡ ಚೇತರಿಸಿಕೊಳ್ಳುತ್ತದೆ. 1945ರ ಸೆಪ್ಟೆಂಬರಿನಲ್ಲಿ ಕೋಲ್ಫರ 17ನೆಯ ರೋಗಿ, 67 ವರ್ಷದ ಒಬ್ಬ ಮಹಿಳೆ, ಹೀಗೆ ಬದುಕಿದರು. ಶಾಶ್ವತವಾಗಿ ಮೂತ್ರಪಿಂಡ ಹೋದವರಿಗೆ ವೈದ್ಯರು ಕೈಮುಗಿದು “ಮನೆಗೆ ಕರೆದುಕೊಂಡು ಹೋಗಿ” ಎನ್ನುತ್ತಿದ್ದರು. ಸ್ವೀಡನ್ನಿನ ನಿಲ್ಸ್ ಆಲ್ವಾಲ್ 1940ರ ದಶಕದ ಕೊನೆಯಲ್ಲಿ ಮೊಲಗಳ ಅಪಧಮನಿ ಮತ್ತು ಅಭಿಧಮನಿಯ ನಡುವೆ ಗಾಜು ಮತ್ತು ರಬ್ಬರಿನ ಕೊಳವೆಯನ್ನು ಸ್ಥಿರವಾಗಿ ಇಟ್ಟು ನೋಡಿದರು. ವಿಚಾರ ಸರಿಯಾಗಿತ್ತು, ಆದರೆ ಗಾಜು ಮತ್ತು ರಬ್ಬರಿಗೆ ರಕ್ತ ಅಂಟಿ ಹೆಪ್ಪುಗಟ್ಟಿತು.

ರಕ್ತ ಅಂಟದ ವಸ್ತು ಬಂದದ್ದು ಬೇರೆ ಕಡೆಯಿಂದ. ಈಗ ನಮ್ಮ ಅಡುಗೆ ಮನೆಯಲ್ಲಿ ದೋಸೆ ಕಾವಲಿಯ ಮೇಲಿರುವ ಟೆಫ್ಲಾನ್ ಅದು. 1938ರಲ್ಲಿ ಅಮೆರಿಕದ ರಾಯ್ ಪ್ಲಂಕೆಟ್ ಎಂಬ ರಸಾಯನ ವಿಜ್ಞಾನಿಗೆ ಆಕಸ್ಮಿಕವಾಗಿ ಸಿಕ್ಕಿದ್ದು. 1960ರ ಆರಂಭದಲ್ಲಿ ಸಿಯಾಟಲ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಬೆಲ್ಡಿಂಗ್ ಸ್ಕ್ರಿಬ್ನರ್ ಎಂಬ ವೈದ್ಯರ ಬಳಿಗೆ ಒಬ್ಬ ರೋಗಿ ಬಂದಿದ್ದ. ತಾತ್ಕಾಲಿಕ ತೊಂದರೆ ಎಂದು ತಿಳಿದು ಡಯಾಲಿಸಿಸ್ ಮಾಡಿದರು, ರೋಗಿ ಎದ್ದು ಕೂತ. ಅಮೇಲೆ ಪರೀಕ್ಷೆ ಮಾಡಿದಾಗ ಮೂತ್ರಪಿಂಡ ಎರಡೂ ಪೂರ್ತಿ ಹಾಳಾಗಿವೆ ಎಂದು ತಿಳಿಯಿತು. ಚೇತರಿಸಿಕೊಂಡ ಮನುಷ್ಯನನ್ನು ಸಾಯಲೆಂದೇ ಮನೆಗೆ ಕಳುಹಿಸಬೇಕಾಯಿತು. ಈ ಸಂಗತಿ ಸ್ಕ್ರಿಬ್ನರರನ್ನು ಬಿಡದೆ ಕಾಡಿತು. ಒಂದು ದಿನ ಬೆಳಗಿನ ಜಾವ ನಾಲ್ಕು ಗಂಟೆಗೆ ಎಚ್ಚರವಾದಾಗ ಉಪಾಯ ಹೊಳೆಯಿತು ಎಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ.

ಉಪಾಯ ಇದು. ಮುಂಗೈಯ ಅಪಧಮನಿಯಲ್ಲಿ ಒಂದು ಕೊಳವೆ, ಅಭಿಧಮನಿಯಲ್ಲಿ ಇನ್ನೊಂದು ಕೊಳವೆ ಇಟ್ಟು, ಎರಡರ ತುದಿಯನ್ನೂ ಚರ್ಮದ ಹೊರಗೆ ತರುವುದು. ಡಯಾಲಿಸಿಸ್ ಇಲ್ಲದ ದಿನಗಳಲ್ಲಿ ಎರಡು ತುದಿಗಳನ್ನೂ ಇಂಗ್ಲಿಷಿನ ‘ಯು’ ಆಕಾರದ ಸಣ್ಣ ಕೊಳವೆಯಿಂದ ಕೂಡಿಸಿಬಿಡುವುದು. ರಕ್ತ ಒಂದರಿಂದ ಇನ್ನೊಂದಕ್ಕೆ ಹರಿಯುತ್ತಲೇ ಇರುತ್ತದೆ, ನಿಲ್ಲದ ಕಾರಣ ಹೆಪ್ಪುಗಟ್ಟುವುದಿಲ್ಲ. ಡಯಾಲಿಸಿಸ್ ದಿನ ಯು ಕೊಳವೆ ಕಳಚಿ ಯಂತ್ರಕ್ಕೆ ಜೋಡಿಸಿದರಾಯಿತು, ಚುಚ್ಚುವುದೇ ಬೇಡ. ಟೆಫ್ಲಾನ್ ಬಳಸಿ ಎಂದು ಸೂಚಿಸಿದವರು ಶಸ್ತ್ರಚಿಕಿತ್ಸಕ ಲೋರೆನ್ ವಿಂಟರ್‌ಶೈಡ್. ಆ ಕೊಳವೆಯನ್ನು ಬಿಸಿ ಮಾಡಿ ಬಗ್ಗಿಸಿ ಹದವಾಗಿ ರೂಪಿಸಿದವರು ಆಸ್ಪತ್ರೆಯ ಉಪಕರಣ ವಿಭಾಗದ ಎಂಜಿನಿಯರ್ ವೇಯ್ನ್ ಕ್ವಿಂಟನ್. ರೋಗಿಯ ಕೈಗೆ ಜೋಡಿಸಿದವರು ಡೇವಿಡ್ ಡಿಲ್ಲಾರ್ಡ್.

1960ರ ಮಾರ್ಚ್ 9ರಂದು 39 ವರ್ಷದ ಕ್ಲೈಡ್ ಶೀಲ್ಡ್ಸ್ ಎಂಬವರಿಗೆ ಇದನ್ನು ಹಾಕಿದರು. ಬೋಯಿಂಗ್ ವಿಮಾನ ಕಾರ್ಖಾನೆಯಲ್ಲಿ ಮೆಷಿನಿಸ್ಟ್ ಆಗಿದ್ದವರು ಅವರು. ಕೆಲವೇ ದಿನಗಳ ಆಯುಷ್ಯ ಎಂದು ಎಣಿಸಿದ್ದ ಶೀಲ್ಡ್ಸ್ ಮತ್ತೆ 11 ವರ್ಷ ಬದುಕಿ 1971ರಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಶಾಶ್ವತ ಮೂತ್ರಪಿಂಡ ವೈಫಲ್ಯ ಎಂಬುದು ಆ ದಿನದಿಂದ ಸಾವಿನ ತೀರ್ಪು ಆಗಿ ಉಳಿಯಲಿಲ್ಲ.

ಒಂದು ಬಾಗಿಲು ತೆರೆದ ಕೂಡಲೇ ಅದರ ಎದುರು ಸಾಲು ನಿಂತಿತು. 1962ರಲ್ಲಿ ಸಿಯಾಟಲ್‌ನಲ್ಲಿ ಡಯಾಲಿಸಿಸ್‌ಗೆಂದೇ ಕೇಂದ್ರ ಆರಂಭವಾದಾಗ ಹಾಸಿಗೆಗಳು ಕೈಬೆರಳಲ್ಲಿ ಎಣಿಸುವಷ್ಟು. ಯಾರಿಗೆ ಕೊಡುವುದು, ಯಾರಿಗೆ ಇಲ್ಲ? ವೈದ್ಯರು ತೀರ್ಮಾನಿಸಲಾರದೆ ಊರಿನ ಏಳು ಮಂದಿಯ ಒಂದು ಸಮಿತಿ ಮಾಡಿದರು. ಅದರಲ್ಲಿ ಒಬ್ಬ ವಕೀಲ, ಒಬ್ಬ ಪಾದ್ರಿ, ಒಬ್ಬ ಬ್ಯಾಂಕಿನವನು, ಒಬ್ಬ ಗೃಹಿಣಿ, ಒಬ್ಬ ಕಾರ್ಮಿಕ ನಾಯಕ, ಒಬ್ಬ ಸರಕಾರಿ ಅಧಿಕಾರಿ, ಒಬ್ಬ ಶಸ್ತ್ರವೈದ್ಯ ಇದ್ದರು. ಹೆಸರು ಗುಟ್ಟಾಗಿತ್ತು. ಅಭ್ಯರ್ಥಿಗೆ ಮಕ್ಕಳೆಷ್ಟು, ಉದ್ಯೋಗ ಏನು, ಚರ್ಚಿಗೆ ಹೋಗುತ್ತಾನೆಯೇ ಎಂದೆಲ್ಲ ನೋಡುತ್ತಿದ್ದರು. ಆ ವರ್ಷದ ನವೆಂಬರಿನಲ್ಲಿ ಲೈಫ್ ಪತ್ರಿಕೆಯಲ್ಲಿ ಶಾನಾ ಅಲೆಕ್ಸಾಂಡರ್ ಇದನ್ನು ಬರೆದಾಗ ಅಮೆರಿಕವೇ ಬೆಚ್ಚಿಬಿದ್ದಿತು. ಒಬ್ಬ ಮನುಷ್ಯ ಬದುಕಲು ಯೋಗ್ಯನೇ ಎಂದು ಮಾರ್ಕು ಹಾಕುವುದು ಎಂಥ ಕೆಲಸ! ವರ್ಷವಿಡೀ ಮಾರ್ಕು ಹಾಕುವವರೇ ಆದ ನಮಗೆ ಇದನ್ನು ಓದುವಾಗ ಕೈ ನಡುಗಿತು. ಹತ್ತು ವರ್ಷಗಳ ಅನಂತರ, 1972ರಲ್ಲಿ, ಅಮೆರಿಕ ಸರಕಾರ ಬಹುಮಟ್ಟಿಗೆ ಎಲ್ಲ ರೋಗಿಗಳ ವೆಚ್ಚ ಭರಿಸುವ ಕಾನೂನು ಮಾಡಿತು.

ಸ್ಕ್ರಿಬ್ನರರ ಶಂಟ್ ದೊಡ್ಡ ಸಂಶೋಧನೆ, ಆದರೆ ಅದರ ಕಷ್ಟಗಳೂ ಕಡಿಮೆಯಲ್ಲ. ಚರ್ಮವನ್ನು ತೂರಿ ಹೊರಗೆ ಬಂದ ಕೊಳವೆ ಎಂದರೆ ರೋಗಾಣುಗಳಿಗೂ ಅದೇ ದಾರಿ. ಸೋಂಕು, ಹೆಪ್ಪು, ನಿದ್ದೆಯಲ್ಲಿ ಕೊಳವೆ ಕಳಚಿಕೊಂಡರೆ ರಕ್ತಸ್ರಾವ. ಕೆಲವು ತಿಂಗಳಿಗೊಮ್ಮೆ ಬೇರೆ ಜಾಗದಲ್ಲಿ ಹಾಕಬೇಕು, ಪ್ರತಿ ಸಲವೂ ಒಂದು ಅಪಧಮನಿ ಖರ್ಚಾಗುತ್ತದೆ. ಕೋಲ್ಫರ ರೋಗಿಗೆ ವಾರಗಳಲ್ಲಿ ಆದದ್ದು ಇವರಿಗೆ ವರ್ಷಗಳಲ್ಲಿ ಆಗುತ್ತಿತ್ತು.

ಮುಂದಿನ ಹೆಜ್ಜೆ ಇಟ್ಟವರು ನ್ಯೂಯಾರ್ಕಿನ ಬ್ರಾಂಕ್ಸ್ ಎಂಬಲ್ಲಿನ ನಿವೃತ್ತ ಸೈನಿಕರ ಆಸ್ಪತ್ರೆಯ ವೈದ್ಯರು, ಜೇಮ್ಸ್ ಚಿಮಿನೊ ಮತ್ತು ಮೈಕೆಲ್ ಬ್ರೆಶಿಯಾ. ಚಿಮಿನೊ ವಿದ್ಯಾರ್ಥಿಯಾಗಿದ್ದಾಗ ಖರ್ಚಿಗಾಗಿ ಬೆಲ್‌ವ್ಯೂ ಆಸ್ಪತ್ರೆಯ ರಕ್ತ ಕೇಂದ್ರದಲ್ಲಿ ರಕ್ತ ತೆಗೆಯುವ ಕೆಲಸ ಮಾಡಿದ್ದರು. ದಪ್ಪ ಸೂಜಿಯನ್ನು ಅಭಿಧಮನಿಗೆ ಹಾಕಿ ರಕ್ತ ತೆಗೆಯುವುದು ಅವರಿಗೆ ಕೈಗೆ ಹತ್ತಿದ ಕೆಲಸ. ಆದುದರಿಂದ ಅವರ ತಲೆಗೆ ಬಂದ ಪ್ರಶ್ನೆಯೇ ಬೇರೆ. ಹೊರಗಿನ ಕೊಳವೆಯನ್ನು ಯಾವುದರಿಂದ ಮಾಡಲಿ ಎಂದು ಅವರು ಕೇಳಲಿಲ್ಲ. ಅಭಿಧಮನಿಯಲ್ಲೇ ಹೆಚ್ಚು ರಕ್ತ ಹರಿಯುವಂತೆ ಮಾಡಲು ಆಗದೆ ಎಂದು ಕೇಳಿದರು. ಮೊದಲಿಗೆ ತೋಳಿಗೆ ಬಿ.ಪಿ. ನೋಡುವ ಪಟ್ಟಿ ಕಟ್ಟಿ ನಾಳ ಉಬ್ಬಿಸಿ ನೋಡಿದರು, ಕೆಲವು ರೋಗಿಗಳಲ್ಲಿ ಮಾತ್ರ ನಡೆಯಿತು. ಆಗ ಅವರಿಗೆ ನೆನಪಾದದ್ದು ಕೊರಿಯಾ ಯುದ್ಧದಿಂದ ಬಂದ ಗಾಯಾಳುಗಳು. ಗುಂಡೇಟಿನಿಂದ ಅಪಧಮನಿ ಮತ್ತು ಅಭಿಧಮನಿ ಎರಡೂ ತೂತಾಗಿ ಒಂದಕ್ಕೊಂದು ಕೂಡಿಕೊಂಡ ಸೈನಿಕರು ಅದನ್ನು ಇಟ್ಟುಕೊಂಡೇ ಬದುಕುತ್ತಿದ್ದರು.

ಇದು ಹೊಸ ವಿಷಯವೂ ಅಲ್ಲ. ಲಂಡನ್ನಿನ ವಿಲಿಯಂ ಹಂಟರ್ 1757ರಲ್ಲೇ ಇಂತಹ ಕೂಡುವಿಕೆಯನ್ನು ವಿವರಿಸಿದ್ದರು. ಆ ಕಾಲದಲ್ಲಿ ಎಲ್ಲ ಕಾಯಿಲೆಗೂ ಮೊಣಕೈ ಒಳಭಾಗದಲ್ಲಿ ಚುಚ್ಚಿ ರಕ್ತ ಇಳಿಸುತ್ತಿದ್ದರಷ್ಟೆ. ಅಲಗು ಆಳಕ್ಕೆ ಹೋಗಿ ಕೆಳಗಿನ ಅಪಧಮನಿಗೂ ತಾಗಿದರೆ ಎರಡು ನಾಳಗಳೂ ಕೂಡಿಕೊಳ್ಳುತ್ತಿದ್ದವು. ಅಲ್ಲಿ ಕೈಯಿಟ್ಟರೆ ಕಂಪನ, ಕಿವಿಯಿಟ್ಟರೆ ಗುಂಯ್ ಎಂಬ ಸದ್ದು. ಇನ್ನೂರು ವರ್ಷ ವೈದ್ಯರು ಅದನ್ನು ಒಂದು ದೋಷ ಎಂದೇ ಓದಿದರು, ಕಂಡಲ್ಲಿ ಸರಿಪಡಿಸಿದರು. ಚಿಮಿನೊ ಮತ್ತು ಬ್ರೆಶಿಯಾ ಅದನ್ನು ಬೇಕೆಂದೇ ಮಾಡೋಣ ಎಂದರು. ಅದಕ್ಕಾಗಿ ಧೈರ್ಯ ಬೇಕಾಗಿತ್ತು. ಅಪಧಮನಿಯ ರಕ್ತ ನೇರವಾಗಿ ಅಭಿಧಮನಿಗೆ ನುಗ್ಗಿದರೆ ಹೃದಯಕ್ಕೆ ಭಾರವಾಗಿ ಅದು ಸೋತೀತು ಎಂಬ ಭಯ ಎಲ್ಲರಿಗೂ ಇತ್ತು. 1965ರ ಫೆಬ್ರವರಿ 19ರಂದು ಶಸ್ತ್ರಚಿಕಿತ್ಸಕ ಕೆನ್ನೆತ್ ಆಪೆಲ್ ಮಣಿಕಟ್ಟಿನ ಬಳಿ ಎರಡೂ ನಾಳಗಳನ್ನು ಪಕ್ಕಪಕ್ಕದಲ್ಲಿ ಸೀಳಿ ಒಂದಕ್ಕೊಂದು ಹೊಲಿದರು. ಕೊಳವೆ ಇಲ್ಲ, ಟೆಫ್ಲಾನ್ ಇಲ್ಲ, ಚರ್ಮದ ಹೊರಗೆ ಏನೂ ಇಲ್ಲ. ಇದೇ ಫಿಸ್ಟುಲಾ.

ಅಡಿಕೆ ತೋಟ ಇರುವವರಿಗೆ ಇದನ್ನು ವಿವರಿಸುವುದು ಸುಲಭ. ಮಳೆಗಾಲದಲ್ಲಿ ತುಂಬಿ ಹರಿಯುವ ತೋಡಿನ ಬದಿ ಒಡೆದು ಪಕ್ಕದ ಸಣ್ಣ ಕಣಿಗೆ ನೀರು ನುಗ್ಗಿತು ಎಂದಿಟ್ಟುಕೊಳ್ಳಿ. ಕೆಲವೇ ದಿನದಲ್ಲಿ ಕಣಿ ಅಗಲವಾಗುತ್ತದೆ. ಅಭಿಧಮನಿಗೂ ಹಾಗೆಯೇ, ಒತ್ತಡದ ರಕ್ತ ಬಂದ ಹಾಗೆ ಅದು ಹಿಗ್ಗುತ್ತದೆ. ಆದರೆ ಕಣಿಯ ಬದಿ ಸವೆದು ತೆಳ್ಳಗಾಗುತ್ತದೆ, ಅಭಿಧಮನಿಯ ಗೋಡೆಯಾದರೋ ದಪ್ಪವಾಗುತ್ತದೆ. ಆರು ವಾರ, ಎರಡು ತಿಂಗಳಲ್ಲಿ ಚರ್ಮದ ಕೆಳಗೆ ಹಗ್ಗದಂತೆ ಎದ್ದು ಕಾಣುವ ನಾಳ ಸಿದ್ಧವಾಗುತ್ತದೆ. ಅದನ್ನು ದಪ್ಪ ಸೂಜಿಯಿಂದ ವರ್ಷಗಟ್ಟಲೆ ಚುಚ್ಚಬಹುದು. ಮುಂದೆ ಬಂದ ಮಾರ್ಗಸೂಚಿಗಳಲ್ಲಿ ಇದಕ್ಕೆ ‘ಆರರ ನಿಯಮ’ ಎಂಬ ಸೂತ್ರವೇ ಇದೆ. ಆರು ವಾರಕ್ಕೆ ನಾಳದ ಅಗಲ 6 ಮಿಲಿಮೀಟರ್, ಚರ್ಮದಿಂದ ಆಳ 6 ಮಿಲಿಮೀಟರಿಗಿಂತ ಹೆಚ್ಚಿಲ್ಲ, ಹರಿವು ನಿಮಿಷಕ್ಕೆ 600 ಮಿಲಿಲೀಟರ್. ಮಕ್ಕಳಿಗೆ ನೆನಪಿಡಲು ಒಳ್ಳೆಯದು.

1966ರಲ್ಲಿ ಅವರು ಇದನ್ನು ತಜ್ಞರ ಸಭೆಯಲ್ಲಿ ಮಂಡಿಸಿದಾಗ ಹೆಚ್ಚಿನವರು ತಣ್ಣಗೆ ಕೂತರು. ಆಸಕ್ತಿ ತೋರಿದವರಲ್ಲಿ ಒಬ್ಬರು ಯಾರೆಂದರೆ ಸ್ಕ್ರಿಬ್ನರ್. ತನ್ನ ಹೆಸರಿನ ಶಂಟನ್ನು ಮೂಲೆಗೆ ಸೇರಿಸುವ ವಸ್ತು ಇದು ಎಂದು ಅವರಿಗೆ ತಿಳಿಯದೆ ಇರಲಾರದು. ಈ ಒಂದು ಕಾರಣಕ್ಕಾಗಿ ನಮಗೆ ಅವರ ಮೇಲೆ ಗೌರವ ಇಮ್ಮಡಿ. ಅದೇ ವರ್ಷದ ನವೆಂಬರಿನಲ್ಲಿ ಲೇಖನ ಪ್ರಕಟವಾಯಿತು. ಮಾಡಿದ ಫಿಸ್ಟುಲಾಗಳಲ್ಲಿ ಎರಡು ಮೊದಲಿನಿಂದಲೂ ಕೆಲಸ ಮಾಡಲೇ ಇಲ್ಲ ಎಂದೂ ಅವರು ಮುಚ್ಚುಮರೆ ಇಲ್ಲದೆ ತಿಳಿಸಿದ್ದರು. ಹೃದಯ ಸೋಲುವ ಭಯ ಹೆಚ್ಚಿನವರಲ್ಲಿ ನಿಜವಾಗಲಿಲ್ಲ. ಇಂದಿಗೂ, ಮಾಡಲು ಸಾಧ್ಯವಾಗಿ ಸರಿಯಾಗಿ ಬಲಿತರೆ, ಇದಕ್ಕಿಂತ ಬಾಳಿಕೆಯ ದಾರಿ ಇನ್ನೊಂದಿಲ್ಲ.

ಒಮ್ಮೆ ಈ ಪಾಠ ಆದ ಮೇಲೆ ಒಬ್ಬ ಹುಡುಗಿ ಎದ್ದು ನಿಂತು, “ಸರ್, ನಮ್ಮ ಅಜ್ಜನ ಕೈಯಲ್ಲಿ ಜೇನುಹುಳ ಇದ್ದ ಹಾಗೆ ಸದ್ದು ಬರುತ್ತದೆ, ಮುಟ್ಟಬೇಡ ಎಂದು ಅಜ್ಜಿ ಬೈಯುತ್ತಾರೆ” ಎಂದಳು. ಮೆಲ್ಲಗೆ ಮುಟ್ಟಿದರೆ ಏನೂ ಆಗುವುದಿಲ್ಲ, ಆ ಸದ್ದು ಇರುವುದು ಒಳ್ಳೆಯ ಲಕ್ಷಣ ಎಂದು ಹೇಳಿ ಕಳುಹಿಸಿದೆವು. ಹಂಟರ್ 1757ರಲ್ಲಿ ಕೇಳಿದ ಸದ್ದೇ ಆ ಅಜ್ಜನ ಕೈಯದ್ದು.

ಇನ್ನು ಕೆಲವು ದಾರಿಗಳನ್ನು ಚುಟುಕಾಗಿ ಹೇಳಿಬಿಡೋಣ. ಸಕ್ಕರೆ ಕಾಯಿಲೆಯವರ, ವಯಸ್ಸಾದವರ ನಾಳಗಳು ಫಿಸ್ಟುಲಾಕ್ಕೆ ಒದಗದೇ ಹೋದರೆ ಚರ್ಮದ ಕೆಳಗೆ ಕೃತಕ ನಾಳ, ಅಂದರೆ ಗ್ರಾಫ್ಟ್, ಹಾಕುತ್ತಾರೆ. ಅಮೆರಿಕದ ಬಾಬ್ ಗೋರ್ 1969ರಲ್ಲಿ ಟೆಫ್ಲಾನನ್ನೇ ಹಿಗ್ಗಿಸಿ ಮಾಡಿದ ವಸ್ತುವಿನಿಂದ ತಯಾರಾದ ಗ್ರಾಫ್ಟಿನ ಫಲಿತಾಂಶ 1976ರಲ್ಲಿ ಹೊರಬಂತು. ದೋಸೆ ಕಾವಲಿ ಮತ್ತೆ ಬಂತು ನೋಡಿ. ಇನ್ನೊಂದು, ಕುತ್ತಿಗೆ ಅಥವಾ ತೊಡೆಸಂದಿಯ ದೊಡ್ಡ ಅಭಿಧಮನಿಗೆ ಹಾಕುವ ಕ್ಯಾತಿಟರ್. ಸ್ವೀಡನ್ನಿನ ಸೆಲ್ಡಿಂಗರ್ 1953ರಲ್ಲಿ ತೋರಿಸಿದ ತಂತಿಯ ಮೇಲೆ ಕೊಳವೆ ಜಾರಿಸುವ ವಿಧಾನವನ್ನು ಲಂಡನ್ನಿನ ಸ್ಟಾನ್ಲಿ ಶಾಲ್ಡನ್ 1961ರಲ್ಲಿ ಡಯಾಲಿಸಿಸ್‌ಗೆ ತಂದರು. ಕೂಡಲೇ ಬಳಸಬಹುದು ಎಂಬುದು ಅದರ ಗುಣ. ಸೋಂಕು ಬೇಗ ತಗಲುತ್ತದೆ, ಒಳಗಿನ ದೊಡ್ಡ ನಾಳ ಕಿರಿದಾಗುತ್ತದೆ ಎಂಬುದು ಅವಗುಣ.

ಪೋಲೆಂಡಿನಿಂದ ಬಂದ ಒಂದು ಸಂಗತಿ ನಮಗೆ ಬಹಳ ಇಷ್ಟ. 1970ರ ದಶಕದಲ್ಲಿ ಅಲ್ಲಿನ ಟ್ವಾರ್ಡೊವ್ಸ್ಕಿ ಎಂಬ ವೈದ್ಯರ ಕೇಂದ್ರಕ್ಕೆ ಬರುತ್ತಿದ್ದ ಒಬ್ಬ ರೋಗಿಗೆ ಚುಚ್ಚಲು ಯೋಗ್ಯವಾದ ನಾಳ ಬಹಳ ಸ್ವಲ್ಪ ಉಳಿದಿತ್ತು. ಬೇರೆ ಜಾಗವಿಲ್ಲದೆ ನರ್ಸ್ ಪ್ರತಿ ಸಲ ಅದೇ ತೂತಿಗೇ ಸೂಜಿ ಹಾಕಿದರು. ನಿಯಮದ ಪ್ರಕಾರ ತಪ್ಪು. ಆದರೆ ದಿನ ಹೋದ ಹಾಗೆ ಸೂಜಿ ಸುಲಭವಾಗಿ ಹೋಗತೊಡಗಿತು, ನೋವೂ ಕಡಿಮೆಯಾಯಿತು. ಕಿವಿ ಚುಚ್ಚಿದ ಜಾಗದಲ್ಲಿ ತೂತು ಮಾಸದೆ ಉಳಿಯುತ್ತದಲ್ಲ, ಹಾಗೆ ಅಲ್ಲೊಂದು ದಾರಿ ರೂಪುಗೊಂಡಿತ್ತು. ಟ್ವಾರ್ಡೊವ್ಸ್ಕಿ ಇದನ್ನು ಅಲಕ್ಷಿಸದೆ ಅಧ್ಯಯನ ಮಾಡಿ ಪ್ರಕಟಿಸಿದರು. ಗುಂಡಿ ಹಾಕುವ ಕಾಜಾದ ಹೆಸರಿನಲ್ಲಿ ಈ ಕ್ರಮ ಈಗಲೂ ಇದೆ, ಶುಚಿತ್ವ ತಪ್ಪಿದರೆ ಸೋಂಕಿನ ಅಪಾಯ ಹೆಚ್ಚು ಎಂಬುದೂ ಮುಂದೆ ತಿಳಿಯಿತು. ರಕ್ತ ತೆಗೆಯುವ ಹುಡುಗ, ಉಪಕರಣ ವಿಭಾಗದ ಎಂಜಿನಿಯರ್, ಒಬ್ಬ ನರ್ಸ್. ಈ ಕಥೆಯ ಮುಖ್ಯ ತಿರುವುಗಳಲ್ಲೆಲ್ಲ ರೋಗಿಯ ಕೈಯನ್ನು ದಿನವೂ ಹಿಡಿದವರೇ ಇದ್ದಾರೆ.

ಕಳೆದ ಇಪ್ಪತ್ತು ವರ್ಷಗಳ ಸಂಶೋಧನೆ ಬೇರೆ ರೀತಿಯದು. ಈಗ ಒಬ್ಬರು ಇಬ್ಬರ ಉಪಾಯವಲ್ಲ, ನೂರಾರು ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಔಷಧ, ಇನ್ನೊಂದಕ್ಕೆ ಔಷಧದಂತೆ ಕಾಣುವ ಖಾಲಿ ಮಾತ್ರೆ ಕೊಟ್ಟು ಹೋಲಿಸುವ ಪರೀಕ್ಷೆಗಳು. ಕಾರಣ, ಫಿಸ್ಟುಲಾ ಮಾಡಿದವರಲ್ಲಿ ಅನೇಕರಿಗೆ ಅದು ಬಲಿಯುವುದೇ ಇಲ್ಲ. 2008ರಲ್ಲಿ ಅಮೆರಿಕದಲ್ಲಿ 877 ರೋಗಿಗಳ ಅಧ್ಯಯನ ಒಂದು ಪ್ರಕಟವಾಯಿತು. ಹೆಪ್ಪು ತಡೆಯುವ ಕ್ಲೊಪಿಡೊಗ್ರೆಲ್ ಮಾತ್ರೆ ಕೊಟ್ಟವರಲ್ಲಿ ಆರು ವಾರದೊಳಗೆ ಫಿಸ್ಟುಲಾ ಮುಚ್ಚಿಹೋದದ್ದು ಶೇ. 12.2, ಕೊಡದವರಲ್ಲಿ ಶೇ. 19.5. ಗೆದ್ದೆವು ಎನ್ನೋಣವೇ? ಆದರೆ ಡಯಾಲಿಸಿಸ್‌ಗೆ ಯೋಗ್ಯವಾಗಿ ಬಲಿಯದೆ ಹೋದವು ಎಷ್ಟು ಎಂದು ನೋಡಿದರೆ ಮಾತ್ರೆ ತಿಂದವರಲ್ಲಿ ಶೇ. 61.8, ತಿನ್ನದವರಲ್ಲಿ ಶೇ. 59.5. ಅಂದರೆ ನಾಳ ತೆರೆದೇ ಇತ್ತು, ಉಪಯೋಗಕ್ಕೆ ಬರಲಿಲ್ಲ. ಮಧ್ಯಾಹ್ನದ ಊಟದಿಂದ ಹಾಜರಿ ಏರಿತು, ಓದಲು ಮಾತ್ರ ಬರಲಿಲ್ಲ ಎಂದ ಹಾಗೆ. ಏನನ್ನು ಅಳೆಯಬೇಕು ಎಂಬುದರಲ್ಲೇ ಅರ್ಧ ವಿಜ್ಞಾನ ಇದೆ. 2017ರಲ್ಲಿ ಮೀನೆಣ್ಣೆ ಮತ್ತು ಆಸ್ಪಿರಿನ್ ಪರೀಕ್ಷೆಯೂ ಪ್ರಯೋಜನವಿಲ್ಲ ಎಂದು ತೋರಿಸಿತು. ಇಂತಹ ‘ಪ್ರಯೋಜನವಿಲ್ಲ’ ಎಂಬ ಫಲಿತಾಂಶಗಳೂ ರೋಗಿಯ ಹಣ, ಶ್ರಮ ಉಳಿಸುತ್ತವೆ. 2020ರಲ್ಲಿ 330 ರೋಗಿಗಳ ಇನ್ನೊಂದು ಅಧ್ಯಯನದಲ್ಲಿ, ಕಿರಿದಾದ ಫಿಸ್ಟುಲಾವನ್ನು ಔಷಧ ಲೇಪಿಸಿದ ಬಲೂನಿನಿಂದ ಹಿಗ್ಗಿಸಿದರೆ ಸಾದಾ ಬಲೂನಿಗಿಂತ ಹೆಚ್ಚು ಕಾಲ ತೆರೆದಿರುತ್ತದೆ ಎಂದು ಕಂಡುಬಂತು.

ಅಮೆರಿಕದಲ್ಲಿ 2003ರಿಂದ ‘ಮೊದಲು ಫಿಸ್ಟುಲಾ’ ಎಂಬ ಆಂದೋಲನವೇ ನಡೆಯಿತು. ಸಂಖ್ಯೆ ಏರಿತು. ಆದರೆ ತುಂಬಾ ವಯಸ್ಸಾದವರಿಗೂ ಗುರಿ ಮುಟ್ಟಿಸಲು ಹೋಗಿ, ಬಲಿಯದ ಫಿಸ್ಟುಲಾಕ್ಕೆ ಕಾಯುತ್ತ ಅವರು ತಿಂಗಳುಗಟ್ಟಲೆ ಕುತ್ತಿಗೆಯ ಕೊಳವೆಯಲ್ಲೇ ಉಳಿಯುವಂತಾಯಿತು. ಗುರಿ, ಶೇಕಡಾ, ವರದಿ ಇವುಗಳ ಸಹವಾಸ ನಮಗೂ ಚೆನ್ನಾಗಿ ಗೊತ್ತಿರುವುದರಿಂದ ಹೆಚ್ಚು ಹೇಳುವುದಿಲ್ಲ. 2019ರ ಅಮೆರಿಕದ ಮಾರ್ಗಸೂಚಿ ಎಲ್ಲರಿಗೂ ಒಂದೇ ಎಂಬುದನ್ನು ಬಿಟ್ಟು, ಈ ರೋಗಿಗೆ, ಈ ವಯಸ್ಸಿಗೆ, ಈ ಬದುಕಿಗೆ ಯಾವುದು ಸರಿ ಎಂದು ರೋಗಿಯ ಜೊತೆ ಕೂತು ಯೋಜನೆ ಮಾಡಿ ಎಂದಿತು.

ನಮ್ಮ ದೇಶದ ಸ್ಥಿತಿಗೆ ಬರೋಣ. 2016ರಲ್ಲಿ ಕೇಂದ್ರ ಸರಕಾರ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಘೋಷಿಸಿದ ಮೇಲೆ ಜಿಲ್ಲಾ ಆಸ್ಪತ್ರೆಗಳಿಗೆ ಯಂತ್ರಗಳು ಬಂದವು. ಯಂತ್ರ ಬಂದರೂ ಹಳೆಯ ತೊಡಕು ಹಾಗೆಯೇ ಇದೆ. ನಮ್ಮಲ್ಲಿ ಹೆಚ್ಚಿನವರು ಮೂತ್ರಪಿಂಡದ ವೈದ್ಯರನ್ನು ಕಾಣುವುದೇ ಮುಖ ಊದಿ ಉಸಿರು ಕಟ್ಟಿದ ಮೇಲೆ. ಆಗ ಫಿಸ್ಟುಲಾ ಬಲಿಯುವ ತನಕ ಎರಡು ತಿಂಗಳು ಕಾಯಲು ವ್ಯವಧಾನ ಎಲ್ಲಿದೆ? ಕುತ್ತಿಗೆಯ ಕೊಳವೆಯಿಂದಲೇ ಆರಂಭ. ಗಡಿನಾಡಿನವರಾದ ನಮಗೆ ದಾರಿಯ ಚಿಂತೆ ಇನ್ನೊಂದು ಬಗೆಯದೂ ಇದೆ. ದೊಡ್ಡ ಚಿಕಿತ್ಸೆ ಎಂದರೆ ಕಾಸರಗೋಡಿನವರಿಗೆ ಮಂಗಳೂರು. 2020ರ ಮಾರ್ಚಿನಲ್ಲಿ ಲಾಕ್‌ಡೌನ್ ಎಂದು ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ರೋಗಿಗಳ ಪಾಡು ಏನಾಯಿತು, ವಿಷಯ ಹೈಕೋರ್ಟಿಗೂ ಹೋಯಿತು ಎಂಬುದು ಎಲ್ಲರಿಗೂ ನೆನಪಿದೆ. ಎರಡು ದಿನಕ್ಕೊಮ್ಮೆ ರಕ್ತ ಸೋಸಬೇಕಾದವನು ಗಡಿ ತೆರೆಯಲಿ ಎಂದು ವಾರಗಟ್ಟಲೆ ಕಾಯಲಾರ.

ಆದುದರಿಂದ ಮನೆಯಲ್ಲಿ ಸಕ್ಕರೆ ಕಾಯಿಲೆ, ಬಿ.ಪಿ. ಹಲವು ವರ್ಷಗಳಿಂದ ಇದ್ದು, ಕ್ರಿಯಾಟಿನಿನ್ ಏರುತ್ತಿದೆ ಎಂದು ವೈದ್ಯರು ಹೇಳಿದವರು ಇದ್ದರೆ ಈಗಲೇ ಗಮನಿಸಬೇಕಾದ ವಿಷಯ ಕೈ. ರಕ್ತ ತೆಗೆಯಲು, ಗ್ಲೂಕೋಸ್ ಹಾಕಲು ಮುಂಗೈಯ ಮತ್ತು ತೋಳಿನ ನಾಳಗಳನ್ನು ಬಿಟ್ಟು ಸಾಧ್ಯವಾದಷ್ಟು ಅಂಗೈಯ ಹಿಂಬದಿಯ ನಾಳವನ್ನೇ ಬಳಸಲು ಕೇಳಿಕೊಳ್ಳಬಹುದು. ಸಾಮಾನ್ಯವಾಗಿ ಕೆಲಸ ಮಾಡದ ಕೈಗೆ, ಹೆಚ್ಚಿನವರಿಗೆ ಅಂದರೆ ಎಡಗೈಗೆ, ಫಿಸ್ಟುಲಾ ಮಾಡುವುದರಿಂದ ಆ ಕೈಯನ್ನು ವಿಶೇಷವಾಗಿ ಕಾಪಾಡಬೇಕು. ಯಾವಾಗ ಮಾಡಿಸಬೇಕು ಎಂಬುದನ್ನು ಡಯಾಲಿಸಿಸ್ ಬೇಕಾಗುವುದಕ್ಕೆ ತಿಂಗಳುಗಳ ಮೊದಲೇ ವೈದ್ಯರಲ್ಲಿ ಕೇಳಬೇಕು. ಫಿಸ್ಟುಲಾ ಆದ ಮೇಲೆ ಆ ಕೈಯಲ್ಲಿ ಬಿ.ಪಿ. ನೋಡಿಸಬಾರದು, ಇಂಜೆಕ್ಷನ್ ಬೇಡ, ಬಿಗಿ ವಾಚು ಬಿಗಿ ಬಳೆ ಬೇಡ, ಅದರ ಮೇಲೆ ತಲೆಯಿಟ್ಟು ಮಲಗುವುದೂ ಬೇಡ. ಬೆಳಗ್ಗೆ ಎದ್ದ ಕೂಡಲೇ ಇನ್ನೊಂದು ಕೈಯ ಬೆರಳುಗಳನ್ನು ಅಲ್ಲಿಟ್ಟು ಕಂಪನ ಇದೆಯೇ ಎಂದು ನೋಡಬೇಕು, ಇದನ್ನು ಮನೆಯ ಮಕ್ಕಳೂ ಮಾಡಬಹುದು. ಕಂಪನ ನಿಂತಿದ್ದರೆ ಮುಂದಿನ ಡಯಾಲಿಸಿಸ್ ದಿನದ ತನಕ ಕಾಯದೆ ಅಂದೇ ಆಸ್ಪತ್ರೆಗೆ ತಿಳಿಸಬೇಕು. ಬೇಗ ಹೋದರೆ ಎಷ್ಟೋ ಸಲ ಹೆಪ್ಪನ್ನು ತೆಗೆದು ಅದೇ ನಾಳವನ್ನು ಉಳಿಸಲು ಆಗುತ್ತದೆ.